ಮೆಣಸಿನಕಾಯಿ ನೇರಳೆಯಾದರೆ ಸೈನೈಡ್ ದಿಬ್ಬಕ್ಕೆ ಯಾಕೆ ಬೈಗುಳ?

ಹೋದ ವಾರ ಬಂಗಾರಪೇಟೆ ಸ್ಟೇಷನ್ನಿನ ಪ್ಲಾಟ್‌ಫಾರಂನಲ್ಲಿ ಒಂದು ಪಂಚಾಯ್ತಿ ಸೇರಿತ್ತು. ಮಾರಿಕುಪ್ಪಂ ಕಡೆಯಿಂದ ಬೆಳಗಿನ ಗಾಡಿಯಲ್ಲಿ ಬಂದಿದ್ದ ಒಬ್ಬ ವಯಸ್ಸಾದ ಅಮ್ಮ ಸೆರಗಿನ ಗಂಟು ಬಿಚ್ಚಿ ನಾಲ್ಕು ಮೆಣಸಿನಕಾಯಿ ತೋರಿಸುತ್ತಿದ್ದರು. ಹಸಿರೂ ಅಲ್ಲ, ಕೆಂಪೂ ಅಲ್ಲ. ಥೇಟ್ ಬದನೆಕಾಯಿ ಬಣ್ಣ! ಬಿಸಿಲು ಬಿದ್ದ ಕಡೆ ಇನ್ನೂ ಕಪ್ಪು.

"ನಮ್ಮ ಲೈನ್ ಮನೆ ಹಿತ್ತಲಲ್ಲಿ ಬಿಟ್ಟಿದ್ದು ಸಾರ್. ಆರು ಗಿಡದಲ್ಲಿ ಎರಡು ಹಿಂಗಾಗಿದೆ. ನಲವತ್ತು ವರ್ಷದಿಂದ ಮೆಣಸಿನ ಗಿಡ ಹಾಕ್ತಿದ್ದೀನಿ, ಇಂಥಾದ್ದು ಕಂಡಿಲ್ಲ."

ಗಾಡಿ ಕಾಯುತ್ತಿದ್ದ ಜನಕ್ಕೆ ಕೆಲಸ ಸಿಕ್ಕಿತು. ಒಬ್ಬರು, "ಇದು ಸೈನೈಡ್ ದಿಬ್ಬದ ಧೂಳು, ಗಿಡದ ರಕ್ತಕ್ಕೇ ಸೇರಿಬಿಟ್ಟಿದೆ" ಅಂದರು. ಇನ್ನೊಬ್ಬರು, "ಅಲ್ಲ ಸ್ವಾಮಿ, ಇದು ಬೆಂಗಳೂರಿನ ಕೊಳಚೆ ನೀರಿನ ಮಹಿಮೆ" ಅಂದರು. ಮೂರನೆಯವರು ಇಂಜೆಕ್ಷನ್ ಅಂದರು. ನಾಲ್ಕನೆಯವರು ಮಾಟ ಅಂದು ಎರಡು ಹೆಜ್ಜೆ ಹಿಂದೆ ಸರಿದರು. ತಮಿಳು, ತೆಲುಗು, ಉರ್ದು, ಕನ್ನಡ ನಾಲ್ಕೂ ಭಾಷೆಯಲ್ಲಿ ತೀರ್ಪು ಒಂದೇ ಬಂತು: ವಿಷ!

ಆ ಅಮ್ಮನ ಮುಖ ನೋಡಿ ನನಗೆ ಬೇಜಾರಾಯಿತು. ಅವರ ಯಜಮಾನರು ಗಣಿಯಲ್ಲಿ ದುಡಿದವರು, ಈಗಿಲ್ಲ. ಹಿತ್ತಲಿನ ಕರಿಬೇವು, ಮೆಣಸಿನಕಾಯಿ, ಒಂದಿಷ್ಟು ಸೊಪ್ಪು, ಇವನ್ನ ಬೀದಿ ಕೊನೆಯಲ್ಲಿ ಕೂತು ಮಾರಿ ಕಾಫಿಪುಡಿ ಖರ್ಚು ನೋಡಿಕೊಳ್ಳುತ್ತಾರೆ. ಮೆಣಸಿನಕಾಯಿ ಸುದ್ದಿ ಹಬ್ಬಿದ ಮೇಲೆ ಅವರ ಕರಿಬೇವನ್ನೂ ಯಾರೂ ಮುಟ್ಟುತ್ತಿಲ್ಲವಂತೆ. ಒಂದು ಗಿಡವನ್ನು ಕಿತ್ತು ಬಿಸಾಕಿದ್ದಾರೆ. ಇನ್ನೊಂದಕ್ಕೆ ಹುಡುಗರು ಮುಟ್ಟದ ಹಾಗೆ ಮುಳ್ಳು ಕಟ್ಟಿದ್ದಾರೆ.

ಪಿಯುಸಿ ಅರ್ಧಕ್ಕೆ ಬಿಟ್ಟವನು ನಾನು. ಆದರೆ ತಿಳಿದವರನ್ನು ಕೇಳೋದಕ್ಕೆ ಡಿಗ್ರಿ ಬೇಕಿಲ್ಲವಲ್ಲ. ಆ ಗಿಡ ನೋಡಿಕೊಂಡು ಬಂದೆ, ತೋಟಗಾರಿಕೆ ಓದಿದವರನ್ನು ಹಿಡಿದು ಕೇಳಿದೆ. ಗೊತ್ತಾದ ಸಂಗತಿ ಓದುಗರ ಮುಂದೆ ಇಡುತ್ತಿದ್ದೇನೆ. ಇದರಲ್ಲಿ ಅರ್ಧ ಸಮಾಧಾನದ ಸುದ್ದಿ. ಉಳಿದರ್ಧ ಸಮಾಧಾನದ್ದಲ್ಲ.

ಗಿಡ ಹೇಳಿದ ಸಾಕ್ಷಿ

ಚಾಂಪಿಯನ್ ರೀಫ್ಸ್ ಕಡೆಯ ಆ ಹಿತ್ತಲಿಗೆ ಹೋಗಿ ಮುಳ್ಳು ಸರಿಸಿ ನೋಡಿದೆ. ಗಿಡಕ್ಕೆ ಕಾಯಿಲೆಯ ಲಕ್ಷಣ ಇಲ್ಲ. ಎಲೆ ಮುದುರಿಲ್ಲ, ಕಾಯಿ ಮೇಲೆ ಕೊಳೆತ ಮಚ್ಚೆ ಇಲ್ಲ. ಹೂವು ಮಾತ್ರ ಬೇರೆ. ಪಕ್ಕದ ನಾಲ್ಕು ಗಿಡದಲ್ಲಿ ಮಲ್ಲಿಗೆ ಬಿಳುಪಿನ ಹೂವು, ಇದರ ಹೂವಿನ ಅಂಚಿಗೆ ನೇರಳೆ ಛಾಯೆ. ಇನ್ನೊಂದು ತಮಾಷೆ ಏನಪ್ಪಾ ಅಂದರೆ, ಕೆಳಗಿನ ಕೊಂಬೆಯಲ್ಲಿ ಬಲಿತ ಎರಡು ಕಾಯಿ ಹಣ್ಣಾಗಿ ಕೆಂಪಗಾಗಿದ್ದವು! ಮುಳ್ಳಿನ ಮರೆಯಲ್ಲಿ ಆ ಅಮ್ಮ ಅದನ್ನ ನೋಡಿಯೇ ಇರಲಿಲ್ಲ.

"ಬೀಜ ಎಲ್ಲಿಂದ ತಂದ್ರಿ?" ಅಂತ ಕೇಳಿದೆ.

"ಎಲ್ಲಿಂದಾನೂ ಇಲ್ಲ. ಹೋದ ವರ್ಷದ ನಮ್ಮ ಗಿಡದ್ದೇ ಒಣಗಿಸಿ ಇಟ್ಟಿದ್ದು."

"ಹೋದ ವರ್ಷ ಪಕ್ಕದಲ್ಲಿ ಬೇರೆ ಯಾರಾದ್ರೂ ಮೆಣಸಿನ ಗಿಡ ಹಾಕಿದ್ರಾ?"

ಸ್ವಲ್ಪ ಯೋಚನೆ ಮಾಡಿ ಹೇಳಿದರು. ಪಕ್ಕದ ಮನೆಯವರ ಮಗ ಬೆಂಗಳೂರಿನ ನರ್ಸರಿಯಿಂದ ಒಂದು ಶೋ ಗಿಡ ತಂದು ಕುಂಡದಲ್ಲಿ ಇಟ್ಟಿದ್ದನಂತೆ. ಗೋಲಿಯಂಥ ಸಣ್ಣ ಸಣ್ಣ ನೇರಳೆ ಕಾಯಿ. ತಿನ್ನೋದಕ್ಕಲ್ಲ, ನೋಡೋದಕ್ಕೆ.

ಕಳ್ಳ ಸಿಕ್ಕಿಬಿದ್ದ. ಅವನ ಹೆಸರು ಜೇನುನೊಣ!

ಸಂಗತಿ ಇಷ್ಟು. ಮೆಣಸಿನ ಹೂವಿನೊಳಗೇ ಗಂಡು, ಹೆಣ್ಣು ಎರಡು ಭಾಗವೂ ಇರುತ್ತದೆ. ಹೆಚ್ಚಿನ ಪಾಲು ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುತ್ತದೆ. ಆದರೆ ಜೇನು, ಸಣ್ಣ ನೊಣಗಳು ಹೂವಿಂದ ಹೂವಿಗೆ ಓಡಾಡುವಾಗ ಪಕ್ಕದ ಗಿಡದ ಪರಾಗ ತಂದು ಅಂಟಿಸಿಬಿಡುತ್ತವೆ. ಶೋ ಗಿಡವೂ ಅಡುಗೆ ಮೆಣಸಿನಕಾಯಿಯ ದಾಯಾದಿಯೇ. ಸಂಬಂಧ ಕೂಡಿಬರುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ಎಲ್ಲರೂ ಎಡವೋದು ಇಲ್ಲೇ. ಪಕ್ಕದ ಗಿಡದ ಪರಾಗ ಬಿದ್ದ ಕೂಡಲೇ ಈ ಗಿಡದ ಕಾಯಿ ಬಣ್ಣ ಬದಲಾಗಲ್ಲ. ಕಾಯಿಯ ಸಿಪ್ಪೆ, ತಿರುಳು ತಾಯಿ ಗಿಡದ್ದೇ. ಬೆರಕೆಯಾಗೋದು ಒಳಗಿನ ಬೀಜ. ಆ ಬೀಜ ಬಿತ್ತಿ, ಮೊಳೆತು, ಗಿಡವಾಗಿ ಕಾಯಿ ಬಿಟ್ಟಾಗಲೇ ಗುಟ್ಟು ರಟ್ಟಾಗುವುದು. ಹೋದ ವರ್ಷ ಕೂಡಿದ ಸಂಬಂಧಕ್ಕೆ ಈ ವರ್ಷ ಮಗು ಹುಟ್ಟಿದೆ. ಎಲ್ಲಾ ಹೂವಿಗೂ ನೊಣ ಬರಲಿಲ್ಲ, ಅದಕ್ಕೇ ಆರರಲ್ಲಿ ಎರಡೇ ಗಿಡ ನೇರಳೆ.

ಹಳದಿ ಬಂದರೂ ಗಾಬರಿ ಬೇಡ

ಬಂಗಾರಪೇಟೆಯ ನಮ್ಮ ಅಂಗಡಿ ಸ್ನೇಹಿತರೊಬ್ಬರ ಮಹಡಿ ಮೇಲಿನ ಕುಂಡದಲ್ಲಿ ಇದೇ ಕತೆ, ಬಣ್ಣ ಮಾತ್ರ ಬೇರೆ. ಪೇಟೆಯಲ್ಲಿ ಕೊಂಡ ಕೆಂಪು ದೊಣ್ಣೆಮೆಣಸಿನಕಾಯಿ ಬೀಜ ಹಾಕಿದರೆ ಒಂದು ಗಿಡದಲ್ಲಿ ಹಳದಿ ಹಣ್ಣು! ಅವರೂ ನೀರಿನ ಮೇಲೆ ಅನುಮಾನ ಪಟ್ಟರು.

ಪೇಟೆಗೆ ಬರುವ ದೊಣ್ಣೆಮೆಣಸಿನಕಾಯಿ ಬಹುಪಾಲು ಹೈಬ್ರಿಡ್. ಎರಡು ತಳಿಗಳನ್ನ ಕೂಡಿಸಿ ಮಾಡಿದ ಮೊದಲ ಪೀಳಿಗೆ. ಆ ಪೀಳಿಗೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಇರುತ್ತದೆ. ಅದರ ಬೀಜ ಬಿತ್ತಿದರೆ ಅಜ್ಜ ಅಜ್ಜಿಯ ಗುಣವೆಲ್ಲ ಮತ್ತೆ ಬೇರೆ ಬೇರೆಯಾಗಿ ಹೊರಗೆ ಬರುತ್ತದೆ. ಕೆಂಪು ಬಣ್ಣ ಯಜಮಾನ, ಹಳದಿ ಬಾಯಿ ಮುಚ್ಚಿಕೊಂಡು ಒಳಗೆ ಕೂತಿರುವ ಗುಣ. ಎರಡೂ ಕಡೆಯಿಂದ ಹಳದಿಯೇ ಬಂದು ಕೂಡಿದಾಗ ಮಾತ್ರ ಹಣ್ಣು ಹಳದಿ. ಲೆಕ್ಕಕ್ಕೆ ನಾಲ್ಕರಲ್ಲಿ ಒಂದು ಗಿಡ. ಅಪ್ಪ ಅಮ್ಮನಿಗಿಲ್ಲದ ಅಜ್ಜಿಯ ಮೂಗು ಮೊಮ್ಮಗಳಿಗೆ ಬರಲ್ವಾ, ಹಾಗೆ.

ಈ ನಾಲ್ಕರಲ್ಲಿ ಒಂದರ ಲೆಕ್ಕ ಕಂಡುಹಿಡಿದವನು ಮೆಂಡೆಲ್ ಅನ್ನೋ ಪಾದ್ರಿ. ಮಠದ ತೋಟದಲ್ಲಿ ಬಟಾಣಿ ಬೆಳೆಸಿ ಎಣಿಸಿ ಎಣಿಸಿ 1866ರಲ್ಲಿ ಅಚ್ಚು ಹಾಕಿಸಿದ. ಜಗತ್ತು ಅದಕ್ಕೆ ಬೆಲೆ ಕೊಟ್ಟಿದ್ದು 1900ರಲ್ಲಿ, ಆಗ ಅವನು ಸತ್ತು 16 ವರ್ಷವಾಗಿತ್ತು. 1850ರಲ್ಲಿ ಮೇಷ್ಟ್ರ ಕೆಲಸದ ಪರೀಕ್ಷೆಗೆ ಕೂತು ಫೇಲಾದವನೂ ಇವನೇ. ಪರೀಕ್ಷೆ ಪಾಸು ಮಾಡದ ನಮ್ಮಂಥವರಿಗೆ ಇದೊಂದು ಸಮಾಧಾನ.

ಇನ್ನು ಬಣ್ಣದ ಒಳಗುಟ್ಟು. ಕಾಯಿ ಹಸಿರಾಗಿರೋದು ಎಲೆಯಲ್ಲಿರುವ ಹಸಿರಿನಿಂದಲೇ. ಹಣ್ಣಾಗುವಾಗ ಹಸಿರು ಕರಗಿ ಕ್ಯಾಪ್ಸಾಂಥಿನ್ ಅನ್ನೋ ಕೆಂಪು ತುಂಬುತ್ತದೆ. ಕೆಂಪು ತಯಾರಿಸುವ ಶಕ್ತಿ ಗಿಡಕ್ಕೆ ಇಲ್ಲದಿದ್ದರೆ ಹಳದಿಯಲ್ಲೇ ನಿಲ್ಲುತ್ತದೆ. ಹಸಿರು ಕರಗದೆ ಅದರ ಮೇಲೇ ಕೆಂಪು ಕೂತರೆ ಚಾಕೊಲೇಟ್ ಬಣ್ಣ. ನೇರಳೆಗೆ ಕಾರಣ ಆಂಥೋಸಯಾನಿನ್. ನೇರಳೆಹಣ್ಣು, ಬದನೆಕಾಯಿಯ ಸಿಪ್ಪೆಯಲ್ಲಿ ಇರುವ ಬಳಗವೇ ಅದು. ಬಿಸಿಲು ಹೆಚ್ಚು ಬಿದ್ದಷ್ಟೂ, ರಾತ್ರಿ ಚಳಿ ಇದ್ದಷ್ಟೂ ನೇರಳೆ ಗಾಢವಾಗುತ್ತದೆ. ಹಣ್ಣಾಗುವಾಗ ಅದು ಕರಗಿ ಕೆಂಪು ಮೇಲೆ ಬರುತ್ತದೆ. ಆ ಅಮ್ಮನ ಗಿಡದಲ್ಲಿ ನಾನು ಕಂಡದ್ದೂ ಅದನ್ನೇ.

ಬಣ್ಣಕ್ಕೂ ಖಾರಕ್ಕೂ ಸಂಬಂಧ ಇಲ್ಲ. ಖಾರ ಇರೋದು ಒಳಗೆ ಬೀಜ ಅಂಟಿಕೊಂಡ ಬಿಳಿ ತಿರುಳಿನಲ್ಲಿ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ನೋಡಿ, ರಕ್ತದಂಥ ಕೆಂಪು, ಖಾರ ಕಡಿಮೆ. ಆ ಬಣ್ಣಕ್ಕೇ ಅದಕ್ಕೆ ದುಡ್ಡು, 2011ರಲ್ಲಿ ಭೌಗೋಳಿಕ ಗುರುತಿನ ಪಟ್ಟ ಬೇರೆ. ಬ್ಯಾಡಗಿಯಲ್ಲಿ ಬಣ್ಣ ಕಾಸಾಗುತ್ತದೆ, ನಮ್ಮ ಕೆಜಿಎಫ್‌ನಲ್ಲಿ ಬಣ್ಣ ಆ ಅಮ್ಮನ ಕರಿಬೇವಿನ ವ್ಯಾಪಾರಕ್ಕೂ ಕಲ್ಲು ಹಾಕುತ್ತದೆ.

ಅಂಗಡಿಯವರಿಗೆ ಒಂದು ಮಾತು. ಬಣ್ಣ ಬಳಿದಿದ್ದಾರೆ ಅಂತ ಅನುಮಾನ ಬಂದರೆ ಹತ್ತಿಗೆ ಸ್ವಲ್ಪ ಲಿಕ್ವಿಡ್ ಪ್ಯಾರಾಫಿನ್ ಹಚ್ಚಿ ಕಾಯಿ ಉಜ್ಜಿ ನೋಡಿ. ಬಳಿದ ಬಣ್ಣ ಹತ್ತಿಗೆ ಹತ್ತುತ್ತದೆ, ಹುಟ್ಟಿನ ಬಣ್ಣ ಹತ್ತಲ್ಲ. ಪಾಪದ ಮಾರುವವರ ಬುಟ್ಟಿ ಒದೆಯೋ ಮೊದಲು ಇಷ್ಟು ಮಾಡಬಹುದು.

ಹಾಗಾದರೆ ದಿಬ್ಬ ನಿರಪರಾಧಿಯೋ?

ಇಲ್ಲಿಗೆ ಸಮಾಧಾನದ ಸುದ್ದಿ ಮುಗಿಯಿತು.

ಸೈನೈಡ್ ಮೆಣಸಿನಕಾಯಿಯನ್ನ ನೇರಳೆ ಮಾಡಲ್ಲ. ಮಣ್ಣಿನಲ್ಲಿ ಸಾರ ಕಡಿಮೆಯಾದರೆ ಎಲೆ ಬಿಳಿಚಿಕೊಳ್ಳಬಹುದು, ರಂಜಕ ಸಾಲದಿದ್ದರೆ ಎಲೆಗೆ ನೇರಳೆ ಛಾಯೆ ಬರಬಹುದು. ಆದರೆ ಒಂದೇ ಹಿತ್ತಲು, ಒಂದೇ ಮಣ್ಣು, ಒಂದೇ ನೀರು, ಆರರಲ್ಲಿ ಎರಡು ಗಿಡಕ್ಕೆ ಮಾತ್ರ ಹೂವಿಂದ ಹಿಡಿದು ಕಾಯಿವರೆಗೆ ಬಣ್ಣ ಬಂದರೆ ಅದು ಬೀಜದ ಕೆಲಸ, ಮಣ್ಣಿನದ್ದಲ್ಲ.

ಆದರೆ ಇದನ್ನೇ ತಿರುಗಿಸಿ ನೋಡಿ ಸ್ವಾಮಿ. ಕಾಯಿಯ ಬಣ್ಣ ಮಣ್ಣಿನ ವಿಷ ಹೇಳಲ್ಲ ಅಂದ ಮೇಲೆ, ಉಳಿದ ನಾಲ್ಕು ಗಿಡದ ಚೆಂದದ ಹಸಿರು ಮೆಣಸಿನಕಾಯಿ ಕೂಡ ಮಣ್ಣು ಚೆನ್ನಾಗಿದೆ ಅಂತ ಸಾಕ್ಷಿ ಹೇಳಲ್ಲ! ನೇರಳೆ ಕಾಯಿಗೆ ಮುಳ್ಳು ಕಟ್ಟಿ ಹಸಿರು ಕಾಯಿಯನ್ನ ಸಾರಿಗೆ ಹಾಕಿದ್ದಾರೆ. ಎರಡೂ ಕುಡಿದಿದ್ದು ಒಂದೇ ನೀರು, ನಿಂತಿದ್ದು ಒಂದೇ ಮಣ್ಣಿನಲ್ಲಿ.

ವಿಷ ಯಾವತ್ತೂ ವಿಕಾರ ರೂಪದಲ್ಲೇ ಬರುತ್ತೆ ಅನ್ನೋದು ಸಿನಿಮಾ ಮಾತು. 2005ರಲ್ಲಿ ಬ್ರಿಟನ್ನಿನಲ್ಲಿ ನೂರಾರು ತಿಂಡಿ ಪದಾರ್ಥಗಳನ್ನ ಅಂಗಡಿಗಳಿಂದ ವಾಪಸ್ ತೆಗೆಸಿದರು. ಕಾರಣ ಮೆಣಸಿನಪುಡಿಯಲ್ಲಿ ಬೆರೆತಿದ್ದ ಸುಡಾನ್-1 ಅನ್ನೋ ಕೈಗಾರಿಕೆಯ ಬಣ್ಣ. ಆ ಪುಡಿ ವಿಕಾರವಾಗಿತ್ತಾ? ಇಲ್ಲ, ಕಣ್ಣಿಗೆ ಹಬ್ಬದಂಥ ಕೆಂಪು.

ನಮ್ಮ ದಿಬ್ಬಗಳ ವಿಚಾರಕ್ಕೆ ಬರೋಣ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟಿತು. 2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಈ ನೂರಿಪ್ಪತ್ತು ವರ್ಷ ನೆಲದಡಿಯಿಂದ ಕಲ್ಲು ತಂದು, ಹಿಟ್ಟಿನ ಹಾಗೆ ಕುಟ್ಟಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದುಕೊಂಡರು. ಚಿನ್ನ ಎಲ್ಲೆಲ್ಲೋ ಹೋಯಿತು. ಹಿಟ್ಟು ಇಲ್ಲೇ ಉಳಿಯಿತು. ಅದೇ ಈ ದಿಬ್ಬಗಳು. ಸಿನಿಮಾದವರಿಗೆ ಅದು ಸೆಟ್ಟು, ಲೈನ್ ಮನೆಯವರಿಗೆ ಆಷಾಢದ ಗಾಳಿಯಲ್ಲಿ ಅನ್ನದ ತಟ್ಟೆಗೆ ಬೀಳುವ ಪುಡಿ.

ಸೈನೈಡ್ ಅನ್ನೋ ಹೆಸರು ಕೇಳಿ ಎಲ್ಲರೂ ಹೆದರುತ್ತೇವೆ. ನಿಜ ಹೇಳಬೇಕೆಂದರೆ, ಬಿಡಿಯಾಗಿರುವ ಸೈನೈಡ್ ಬಿಸಿಲು ಗಾಳಿಗೆ ಕಾಲಕ್ರಮದಲ್ಲಿ ಒಡೆದು ಹೋಗುತ್ತದೆ. ಒಡೆಯದ ಸಾಮಾನು ಬೇರೆ ಇದೆ. ಚಿನ್ನದ ಅದಿರಿನ ಜೊತೆ ಆರ್ಸೆನಿಕ್, ಸೀಸದಂಥವು ಇರೋದು ಪ್ರಪಂಚದ ಎಷ್ಟೋ ಗಣಿಗಳಲ್ಲಿ ಕಂಡ ಸಂಗತಿ. ಅವು ಮೂಲವಸ್ತುಗಳು, ಬಿಸಿಲಿಗೆ ಆರಲ್ಲ, ಮಳೆಗೆ ಕೊಳೆಯಲ್ಲ. ಜೊತೆಗೆ ಕಲ್ಲಿನ ನುಣ್ಣನೆ ಧೂಳು. ಇದೇ ಧೂಳು ಗಣಿ ಕಾರ್ಮಿಕರ ಎದೆಗೂಡಿಗೆ ಇಳಿದು ಸಿಲಿಕೋಸಿಸ್ ತಂದಿದ್ದನ್ನ ಕೆಜಿಎಫ್‌ನ ಪ್ರತಿ ಬೀದಿಯೂ ಕಂಡಿದೆ. ಈ ಯಾವುದಕ್ಕೂ ನೇರಳೆ ಬಣ್ಣ ಇಲ್ಲ. ಬಣ್ಣವೇ ಇಲ್ಲ.

ಕೆ.ಸಿ. ವ್ಯಾಲಿ ನೀರಿನ ಮಾತೂ ಅಷ್ಟೇ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಒಳ್ಳೆಯದೋ ಕೆಟ್ಟದ್ದೋ ಅನ್ನೋದಕ್ಕೆ ನೀರಿನ ಪರೀಕ್ಷೆ ಬೇಕು, ಮೆಣಸಿನಕಾಯಿ ಬಣ್ಣ ಸಾಕ್ಷಿಯಾಗಲ್ಲ.

ಕಾರ್ಡಿನಲ್ಲಿ ಇಲ್ಲದ ಕಾಲಂ

"ಮಣ್ಣು ಪರೀಕ್ಷೆ ಮಾಡಿಸಿದರಾಯ್ತು, ಸರ್ಕಾರ ಕಾರ್ಡು ಕೊಡುತ್ತಲ್ಲ" ಅಂತ ಕೆಲವರು ಹೇಳಬಹುದು. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡು ಒಳ್ಳೆಯ ಯೋಜನೆ. ಅದರಲ್ಲಿ 12 ಸಂಗತಿ ನೋಡುತ್ತಾರೆ. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಹುಳಿ-ಕ್ಷಾರ, ಲವಣ, ಸಾವಯವ ಇಂಗಾಲ. ರೈತ ಎಷ್ಟು ಗೊಬ್ಬರ ಹಾಕಬೇಕು ಅಂತ ಹೇಳೋ ಕಾರ್ಡು ಅದು. ಆ 12ರಲ್ಲಿ ಆರ್ಸೆನಿಕ್ ಇಲ್ಲ. ಸೀಸ ಇಲ್ಲ. ಸೈನೈಡೂ ಇಲ್ಲ. ಅಂದರೆ ದಿಬ್ಬದ ಬುಡದಲ್ಲಿರುವ ಹಿತ್ತಲಿನ ಮಣ್ಣು ಈ ಕಾರ್ಡಿನಲ್ಲಿ ಫಸ್ಟ್ ಕ್ಲಾಸಾಗಿ ಪಾಸಾದರೂ, ಕೇಳಬೇಕಾದ ಪ್ರಶ್ನೆ ಕೇಳಿದ ಹಾಗೆ ಆಗಲ್ಲ.

ಈ ಪ್ರಶ್ನೆಗೆ ಈಗ ಅವಸರ ಬಂದಿದೆ. ದಿಬ್ಬದ ಮಣ್ಣಿನಲ್ಲಿ ಉಳಿದಿರುವ ಚಿನ್ನ ತೆಗೆಯಬೇಕು ಅನ್ನೋ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಒಟ್ಟು 13 ದಿಬ್ಬ, ಸುಮಾರು ಸಾವಿರ ಎಕರೆ. ಕೆಲಸ ಬರುತ್ತೆ ಅನ್ನೋ ಆಸೆಯಲ್ಲಿ ಜನ ಇದ್ದಾರೆ, ತಪ್ಪಲ್ಲ. ದಿನಾ ಬೆಳಗ್ಗೆ ಮಾರಿಕುಪ್ಪಂ ಗಾಡಿಯಲ್ಲಿ ನೇತಾಡಿಕೊಂಡು ಬೆಂಗಳೂರಿಗೆ ಹೋಗೋ ಹುಡುಗರಿಗೆ ಮನೆ ಹತ್ತಿರ ಕೆಲಸ ಸಿಗೋದಾದರೆ ಯಾರು ಬೇಡ ಅಂತಾರೆ? ಆದರೆ ವರ್ಷಾನುಗಟ್ಟಲೆ ಕೂತು ಗಟ್ಟಿಯಾದ ದಿಬ್ಬಕ್ಕೆ ಯಂತ್ರ ಹಾಕಿದರೆ ಧೂಳು ಏಳೋದು ಸಹಜ. ಆಮೇಲೆ ಹಿತ್ತಲಿನಲ್ಲಿ ವಿಷ ಸಿಕ್ಕಿದರೆ ವಾದ ಹೇಗೆ ನಡೆಯುತ್ತೆ ಗೊತ್ತಾ? "ಇದು ಮೊದಲೇ ಇತ್ತು" ಅಂತ ಅವರು. "ಇಲ್ಲ, ನೀವು ಬಂದ ಮೇಲೆ ಬಂತು" ಅಂತ ನಾವು. ಇಬ್ಬರ ಕೈಯಲ್ಲೂ ಕಾಗದ ಇರಲ್ಲ.

ಅಂಗಡಿಯವರಿಗೆ ಇದು ಬೇಗ ಅರ್ಥವಾಗುತ್ತೆ. ಹೊಸ ಪಾಲುದಾರ ಬರೋ ಮೊದಲು ಸ್ಟಾಕ್ ಲೆಕ್ಕ ಹಾಕಿ ಬರೆದಿಡಲ್ವಾ? ಹಾಗೆಯೇ, ಯಂತ್ರ ಬರುವ ಮೊದಲು ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ, ಊರಿಗಾಂ, ಕೋರಮಂಡಲ್ ಲೈನ್‌ಗಳ ಹಿತ್ತಲ ಮಣ್ಣು, ಬೋರ್‌ವೆಲ್ ನೀರು, ಸೊಪ್ಪು, ಇವುಗಳಲ್ಲಿ ಆರ್ಸೆನಿಕ್, ಸೀಸ, ಸೈನೈಡ್ ಎಷ್ಟಿದೆ ಅಂತ ಪರೀಕ್ಷೆ ಮಾಡಿ, ಬೀದಿವಾರು ಲೆಕ್ಕವನ್ನ ನಗರಸಭೆ ಬೋರ್ಡಿಗೆ ಅಂಟಿಸಬೇಕು. ಕನ್ನಡದಲ್ಲಿ ಒಂದು, ತಮಿಳಿನಲ್ಲಿ ಒಂದು. ಫೈಲಿನಲ್ಲಿ ಮುಚ್ಚಿಟ್ಟರೆ ಪ್ರಯೋಜನವಿಲ್ಲ. ನಗರಸಭೆ ಸದಸ್ಯರು, ಶಾಸಕರು, ಮಾಲಿನ್ಯ ನಿಯಂತ್ರಣ ಮಂಡಳಿ ಮೂವರೂ ಕೂತು ಮಾಡಬಹುದಾದ ಕೆಲಸ.

ಅಲ್ಲಿಯವರೆಗೆ ನಾವೇನು ಮಾಡೋದು?

ಮೊದಲನೆಯದು, ದಿಬ್ಬದ ಪುಡಿಯನ್ನ ಮರಳು ಅಂತ ತಂದು ಕುಂಡಕ್ಕೆ ತುಂಬಬೇಡಿ. ದೂರದ ಒಳ್ಳೆ ಮಣ್ಣು, ಕೊಟ್ಟಿಗೆ ಗೊಬ್ಬರ ಹಾಕಿ. ಕಾಯಿಗಿಂತ ಸೊಪ್ಪು, ಗೆಡ್ಡೆಗಳಲ್ಲಿ ಇಂಥ ಲೋಹ, ಧೂಳು ಹೆಚ್ಚು ಸೇರೋದರಿಂದ ಸೊಪ್ಪನ್ನ ಎರಡು ಮೂರು ನೀರಿನಲ್ಲಿ ತೊಳೆಯಿರಿ. ಮಣ್ಣಿನಲ್ಲಿ ಆಡಿದ ಮಕ್ಕಳ ಕೈ ತೊಳೆಸಿ ಊಟಕ್ಕೆ ಕೂರಿಸಿ.

ಎರಡನೆಯದು ಬೀಜದ ವಿಚಾರ. ನಿಮ್ಮ ತಳಿ ಕೆಡಬಾರದು ಅಂದರೆ ಹೂವು ಅರಳೋ ಮೊದಲೇ ಮೊಗ್ಗಿಗೆ ತೆಳು ಬಟ್ಟೆ ಚೀಲ ಕಟ್ಟಿ. ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ, ಗುರುತಿಗೆ ದಾರ ಕಟ್ಟಿ. ಬೀಜ ಆ ಕಾಯಿಯದ್ದೇ ಇಡಿ.

ಮೂರನೆಯದು, ಪೊಟ್ಟಣದ ಬೀಜ ಕೊಂಡವರಿಗೆ. ಮನೆಯಲ್ಲಿ ಎರಡು ಗಿಡ ಬೇರೆ ಬಣ್ಣ ಬಿಟ್ಟರೆ ತಮಾಷೆ. ಎಕರೆಗಟ್ಟಲೆ ಹಾಕಿದ ರೈತನಿಗೆ ಅದೇ ಆದರೆ ಮಂಡಿಯಲ್ಲಿ ಮೂಟೆ ಕೇಳೋರಿಲ್ಲ, ಸಾಲ ತೀರಲ್ಲ. ಬೀಜ ಕೊಂಡ ಬಿಲ್ಲು, ಲಾಟ್ ನಂಬರಿರುವ ಪೊಟ್ಟಣ ಎಸೆಯಬೇಡಿ. ಕಳಪೆ ಬೀಜದಿಂದ ನಷ್ಟವಾದ ರೈತನೂ ಗ್ರಾಹಕನೇ, ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದು ಅಂತ 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಬಂಗಾರಪೇಟೆಯ ಬೀಜದಂಗಡಿಯವರೂ ಬಿಲ್ಲು ಹರಿದು ಕೊಡೋದನ್ನ ರೂಢಿ ಮಾಡಿಕೊಂಡರೆ ಇಬ್ಬರಿಗೂ ಕ್ಷೇಮ.

ಮತ್ತೆ ಆ ಅಮ್ಮನ ಹಿತ್ತಲಿಗೆ. ಜೇನುನೊಣದ ಕತೆಯೆಲ್ಲ ಹೇಳಿ, ಮುಳ್ಳು ತೆಗೆದು, ಕೆಂಪಾದ ಹಣ್ಣನ್ನ ಕೈಗಿಟ್ಟೆ. ಅವರು ನಕ್ಕರು. ಪಕ್ಕದ ಮನೆಯವರನ್ನ ಕೂಗಿ ಕರೆದು ತೋರಿಸಿದರು. ಅವರು ಕರಿಬೇವು ಎರಡು ಕಡ್ಡಿ ಕೇಳಿ ತಗೊಂಡು ಹೋದರು. ವ್ಯಾಪಾರ ಮತ್ತೆ ಶುರುವಾಯಿತಲ್ಲ ಅಂತ ನಾನು ಎದ್ದು ನಿಂತೆ.

ಆ ಅಮ್ಮ ಗಿಡದ ಬುಡದಿಂದ ಒಂದು ಹಿಡಿ ಮಣ್ಣು ತೆಗೆದು ಅಂಗೈ ಮೇಲೆ ಹರಡಿದರು. ಬೂದು ಬಣ್ಣ, ಹಿಟ್ಟಿನಂಥ ನುಣುಪು.

"ಸರಿ ಕಣಪ್ಪಾ, ಕಾಯಿದೇನೂ ತಪ್ಪಿಲ್ಲ ಅಂದೆ. ಇದರ ಕತೆ ಏನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಕೊಡಬೇಕಾದವರು ಈ ಪತ್ರಿಕೆ ಓದುತ್ತಾರೆ ಅಂತ ಅವರಿಗೆ ಹೇಳಿ ಬಂದಿದ್ದೇನೆ.